ಹದಿನೇಳನೇ ಪುಟದ ಅಡುಗೆಮನೆ

ಹನೂರು
೬ ನವೆಂಬರ್ ೨೦೨೫

ಮಧು,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಗುರುತು ಕಾಣುತ್ತಿರಬಹುದು. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ನಾನು ಕರಗಿ ‘ಹೋಗಲಿ ಬಿಡೆ’ ಅನ್ನುತ್ತೇನೆ. ಈ ಸಲ ಹಾಗಾಗಬಾರದೆಂದೇ ಈ ಕಾಗದ.

ನೀನೇ ಕಥೆ ಬರೆದು ನೀನೇ ಚಿತ್ರ ಬಿಡಿಸಿದ ಚಿತ್ರಕಾದಂಬರಿ ‘ಕವಿ ಮತ್ತು ನಾನು’ ನಮ್ಮ ಶಾಲೆಗೂ ಬಂದಿದೆ. ಐದನೇ ತರಗತಿಯ ನನ್ನ ಮಕ್ಕಳು ಕಿತ್ತಾಡಿಕೊಂಡು ಓದಿದರು. ಅದರಲ್ಲಿರುವ ಎರಡು ಜಡೆಯ, ಹೂಗ್ಯಂ ಊರಿನ ಹುಡುಗಿ ತಮ್ಮ ಮಿಸ್ಸೇ ಎಂದು ಗೊತ್ತಾದ ಮೇಲಂತೂ ಕೇಳಬೇಕೆ! ನನಗೂ ಜಂಬ ಬಂದಿತ್ತು. ಹದಿನೇಳನೇ ಪುಟ ತಿರುಗಿಸುವವರೆಗೆ.

ಆ ಪುಟದಲ್ಲಿ ನಾವಿಬ್ಬರೂ ಶಾಗ್ಯದ ನಿಮ್ಮ ಅಡುಗೆಮನೆಯಲ್ಲಿ ಕೂತು ಒಂದೇ ತಟ್ಟೆಯಲ್ಲಿ ಮುದ್ದೆ ಮುರಿಯುತ್ತಿದ್ದೇವೆ. ನಿನ್ನ ಅಜ್ಜಿ ಚನ್ನಾಜಮ್ಮನವರು ನಗುತ್ತಾ ಸಾರು ಬಡಿಸುತ್ತಿದ್ದಾರೆ. ಚೆನ್ನಾಗಿದೆ ಕಣೆ ನಿಮ್ಮ ಅಡುಗೆಮನೆ. ನಾನು ಅದನ್ನು ಮೊದಲ ಸಲ ನೋಡಿದ್ದು ನಿನ್ನ ಪುಸ್ತಕದಲ್ಲೇ.

ಹೈಸ್ಕೂಲಿನ ಎರಡು ವರ್ಷ ನಾನು ಶಾಗ್ಯದ ಅತ್ತೆ ಮನೆಯಲ್ಲಿದ್ದೆ, ಭಾನುವಾರ ನಿಮ್ಮ ಮನೆಗೆ ಓದಲು ಬರುತ್ತಿದ್ದೆ. ನಿಮ್ಮ ಜಗಲಿಯ ಕಂಬದಲ್ಲಿ ಎಷ್ಟು ಬಿರುಕಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಊಟದ ಹೊತ್ತಾದರೆ ಅಜ್ಜಿ, “ಒಳಗ ಸೆಕೆ ಕಣ ಕೂಸು, ಇಲ್ಲೇ ತಂಪಾಗದ, ಕೂತ್ಕ” ಎಂದು ನನಗೆ ಎಲೆ ಹಾಕುತ್ತಿದ್ದರು. ಮಾಗಿಯ ಚಳಿಯಲ್ಲೂ ನಿಮ್ಮ ಮನೆಯೊಳಗೆ ಸೆಕೆಯೇ! ನೀನು ತಟ್ಟೆ ಹಿಡಿದು ಬಂದು ಹೊಸ್ತಿಲ ಒಳಗೆ ಕೂರುತ್ತಿದ್ದೆ, ನಾನು ಹೊರಗೆ. ಅಜ್ಜಿ ಆಚೆ ಹೋದ ತಕ್ಷಣ ನಿನ್ನ ತುಪ್ಪದಲ್ಲಿ ಅರ್ಧ ನನ್ನ ಎಲೆಗೆ ಸುರಿಯುತ್ತಿದ್ದೆ. ಅದನ್ನು ನಾನು ಮರೆತಿಲ್ಲ. ನೀನು ಯಾಕೆ ಮರೆತೆ?

ನಮ್ಮ ತರಗತಿಯ ರಾಣಿ ಆ ಪುಸ್ತಕವನ್ನು ಮೂರು ಸಲ ಓದಿದಳು. ಹೋದ ವಾರ ಗೆಳತಿಯ ಮನೆಗೆ ಹೋದವಳು, ಯಾರನ್ನೂ ಕೇಳದೆ ನೇರ ಅಡುಗೆಮನೆಗೆ ನಡೆದು ತಟ್ಟೆಯ ಮುಂದೆ ಕೂತಿದ್ದಾಳೆ. ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಕಳಿಸಿದರಂತೆ. ಅವಳಿನ್ನೂ ಚಪ್ಪಲಿ ಮೆಟ್ಟುತ್ತಿರುವಾಗಲೇ ಒಳಗೆ ನೆಲ ತೊಳೆಯುವ ಸದ್ದು ಕೇಳಿತಂತೆ. ಮರುದಿನ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, “ನಿಮ್ಮುನ್ನ ಮಾತ್ರ ಯಾಕ್ ಒಳಕ್ಕ ಬುಟ್ರು ಮಿಸ್?” ಎಂದಳು. ಆ ಮನೆಗೆ ಹೋಗಿ ಬಾಯಿ ಮಾಡಿ ಬಂದೆ, ಅದು ಬೇರೆ ಮಾತು. ಅವಳು ಇಟ್ಟುಹೋದ ಪುಸ್ತಕವನ್ನು ಮಾತ್ರ ಇನ್ನೂ ಕಪಾಟಿಗೆ ಸೇರಿಸಿಲ್ಲ.

ಈಗ ಮಕ್ಕಳ ದಿನಾಚರಣೆಗೆ ನಾನು ಕೊಳ್ಳೇಗಾಲಕ್ಕೆ ಬಂದು, ವೇದಿಕೆಯಲ್ಲಿ ನಿನ್ನ ಪಕ್ಕ ನಿಂತು, ‘ಇದೆಲ್ಲ ನಡೆದದ್ದೇ’ ಎನ್ನಬೇಕಂತೆ. ಅನ್ನುವುದಿಲ್ಲ. ಅಷ್ಟು ಮಕ್ಕಳ ಮುಂದೆ ನಿಮ್ಮ ಮನೆಯ ಮಾನ ಕಾಯುವುದು ನನ್ನ ಕೆಲಸವಲ್ಲ. ಎರಡನೇ ಮುದ್ರಣ ಬರುತ್ತಿದೆ ಎಂದಿದ್ದೀಯ. ಆ ಪುಟ ತೆಗೆದು ಹೊಸದು ಬಿಡಿಸು. ಜಗಲಿ ಬಿಡಿಸು, ಹೊಸ್ತಿಲು ಬಿಡಿಸು, ನನ್ನ ಎಲೆ ಬಿಡಿಸು, ತುಪ್ಪ ಸುರಿಯುವ ನಿನ್ನ ಕೈಯನ್ನೂ ಬಿಡಿಸು. ಆಗ ಬರುತ್ತೇನೆ, ರಾಣಿಯನ್ನೂ ಕರೆತರುತ್ತೇನೆ. ಆಗುವುದಿಲ್ಲ ಎನ್ನುವುದಾದರೆ ನನ್ನ ಹೆಸರನ್ನು ಪುಸ್ತಕದಿಂದ ತೆಗೆದುಬಿಡು.

ಇನ್ನೂ ಗೆಳತಿಯಾಗಿರುವುದಕ್ಕೇ ಇಷ್ಟು ಸಿಟ್ಟಾಗಿರುವ,
ಕವಿತ

ತಾ.ಕ.: ಹೋದ ಭಾನುವಾರ ಹೂಗ್ಯಂಗೆ ಹೋಗಿದ್ದಾಗ ಅವ್ವನಿಗೆ ಪುಸ್ತಕ ತೋರಿಸಿದೆ. ಹದಿನೇಳನೇ ಪುಟವನ್ನು ಬಹಳ ಹೊತ್ತು ನೋಡಿ, “ಎಲ್ಲಾ ನೀ ಏಳ್ತಿದ್ದಂಗೇ ಅದ. ಕಿಟ್ಕಿ ಮಾತ್ರ ತಪ್ಪಾಗ್ ಬರ್ದವ್ಳ. ಒಲೆ ಪಕ್ಕ ಅಲ್ವಾ ಇದ್ದುದ್ದು?” ಎಂದಳು. ಮಗಳನ್ನು ಬೇರೆ ಊರಿನಲ್ಲಿ ಬಿಟ್ಟು ಕೊರಗುತ್ತಿದ್ದ ಅವ್ವನಿಗೆ, ನಿಮ್ಮ ಅಡುಗೆಮನೆಯೊಳಗೇ ಕೂತು ಉಣ್ಣುತ್ತೇನೆ ಎಂದು ಆ ಎರಡು ವರ್ಷವೂ ಹೇಳುತ್ತಿದ್ದೆ. ಅಲ್ಲಿ ಬೆಳಕು ಬರುತ್ತದಾ ಎಂದು ಕೇಳಿದ್ದಕ್ಕೆ, ಒಲೆಯ ಪಕ್ಕ ಕಿಟಕಿ ಇದೆ ಎಂದಿದ್ದೆ. ನಿನ್ನ ಹೊಸ ಪುಟ ಬರುವ ಮೊದಲು ಅವಳಿಗೆ ನಿಜ ಹೇಳಬೇಕು. ಇನ್ನೂ ಹೇಳಿಲ್ಲ.