ನಿನ್ನ ಮಗಳ ಟಿ.ಸಿ.

ಗೆಳತಿ ಮಂಜುಳಾ,

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ದಿನ ನೀನು ಪೆರಂಬೂರಿನ ನಮ್ಮ ಹೋಟೆಲಿಗೆ ಓಡಿಬಂದದ್ದು ನೆನಪಿದೆಯೇ? ನನಗಿಂತ ನಿನಗೇ ಅಂಕ ಹೆಚ್ಚು. ನನ್ನಪ್ಪ ಗಲ್ಲಾ ಬಿಟ್ಟು ಎದ್ದುಬಂದು, "ಇಂಜಿನಿಯರ್ ಆಗುವವಳು ನೀನೇ ಮಾರಾಯ್ತಿ," ಎಂದು ನಿನ್ನ ಕೈಗೆ ಮೈಸೂರುಪಾಕು ಕೊಟ್ಟರು. ರೈಲ್ವೆ ವರ್ಕ್‌ಶಾಪಿನಲ್ಲಿ ಕಸ ಗುಡಿಸುತ್ತಿದ್ದ ನಿನ್ನಪ್ಪ ಬಾಗಿಲ ಹೊರಗೇ ನಿಂತಿದ್ದರು. ಎಷ್ಟು ಕರೆದರೂ ಒಳಗೆ ಬರಲಿಲ್ಲ.

ಜಾತಿ ಪ್ರಮಾಣಪತ್ರಕ್ಕಾಗಿ ನಿನ್ನ ಜೊತೆ ನಾನೂ ತಾಲ್ಲೂಕು ಕಚೇರಿಗೆ ಬಂದಿದ್ದೆ. "ನೀವು ಕರ್ನಾಟಕದವರು, ಅಲ್ಲೇ ಹೋಗಿ ಕೇಳಿ," ಎಂದು ತಮಿಳಿನಲ್ಲಿ ಹೇಳಿದರು. ಕೋಲಾರಕ್ಕೆ ಹೋದರೆ, "ನಿಮ್ ತಾತನ ಕಾಲಕ್ಕೇ ಊರು ಬಿಟ್ಟವ್ರೆ, ದಾಖಲೆ ಎಲ್ಲೈತೆ?" ಎಂದರಂತೆ. ಕೊನೆಗೆ ಮೀಸಲಾತಿಯಿಲ್ಲದೆ, ಬರೀ ಅಂಕದ ಮೇಲೆ, ನಾನು ಸೇರಿದ ಕಾಲೇಜಿಗೇ ನೀನೂ ಸೇರಿದೆ.

ಮೊದಲ ವರ್ಷದ ಲ್ಯಾಬಿನಲ್ಲಿ ಪ್ರೊಫೆಸರ್ ನಿನ್ನ ರೆಕಾರ್ಡ್ ಪುಸ್ತಕ ಎತ್ತಿ ಹಿಡಿದು, ಎಲ್ಲರೆದುರು, "ಕೋಟಾ ಸೀಟಾಮ್ಮಾ?" ಎಂದು ಕೇಳಿದರು. ನೀನು ನನ್ನ ಕಡೆ ನೋಡಿದೆ. 'ಅಲ್ಲ ಸಾರ್' ಎನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು? ನಾನು... ನನ್ನ ಚಪ್ಪಲಿ ನೋಡುತ್ತ ನಿಂತೆ. ಆಮೇಲೆ ನೀನು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಫೇಲಾದ ಪೇಪರುಗಳು ಎರಡಾದವು, ನಾಲ್ಕಾದವು, ಏಳಾದವು. ಮೂರನೆಯ ವರ್ಷ ಬರುವುದನ್ನೇ ನಿಲ್ಲಿಸಿದೆ. ನನಗೆ ಪದವಿ ಸಿಕ್ಕ ದಿನ ಫೋನಿನಲ್ಲಿ, "ಸಂತೋಷ ಕಣೇ," ಎಂದೆಯಲ್ಲ, ಒಂದು ಸಲ ಬೈದುಬಿಡಬಾರದಿತ್ತೇ?

ಆಸ್ಪತ್ರೆಯಲ್ಲಿ ನಿನ್ನ ಕೊನೆಯ ವಾರ ನೀನು, "ಕೀರ್ತನಾನ ನೋಡ್ಕೊಳೇ," ಎಂದಿದ್ದೆ. ನಿನ್ನ ಮಗಳು ಅಂಬತ್ತೂರಿನಾಚೆ ನಾನು ಪಾಠ ಮಾಡುವ ಕಾಲೇಜಿಗೇ ಸೇರಿದಳು. ಅವಳಿಗೂ ಆ ಪ್ರಮಾಣಪತ್ರ ಸಿಕ್ಕಿರಲಿಲ್ಲ. ದಿನಾ ಸಂಜೆ ಕೂರಿಸಿಕೊಂಡು ಗಣಿತ ಹೇಳಿಕೊಟ್ಟೆ. ಆದರೆ ಪ್ರಾಜೆಕ್ಟಿಗೆ ಅವಳನ್ನು ಯಾರೂ ಸೇರಿಸಿಕೊಳ್ಳಲಿಲ್ಲ. ಉಳಿದವರನ್ನು ಗದರಿಸಿ ಅವಳನ್ನು ಒಂದು ಗುಂಪಿಗೆ ಹಾಕಿದೆ. ಅವಳನ್ನು ಬಿಟ್ಟು ಅವರು ವಾಟ್ಸಾಪಿನಲ್ಲಿ ಬೇರೆ ಗುಂಪು ಮಾಡಿಕೊಂಡರು. ಅದಕ್ಕೆ ನಾನು ಯಾವ ನಿಯಮ ತೋರಿಸಲಿ, ಹೇಳು?

ನಿನ್ನೆ ಟಿ.ಸಿ. ಅರ್ಜಿ ಹಿಡಿದು ಬಂದಳು. "ಇನ್ನೊಂದೇ ವರ್ಷ ಮಗಾ," ಎಂದು ಬೇಡಿಕೊಂಡೆ. "ಪೋದುಂ ಆಂಟಿ," ಎಂದಳು. ಸಾಕಂತೆ. ಆಮೇಲೆ ಮೆಲ್ಲಗೆ, ತಮಿಳಿನಲ್ಲೇ, ಅಮ್ಮನಿಗೂ ಹೀಗೇ ಆಗಿತ್ತಲ್ಲವಾ ಎಂದು ಕೇಳಿದಳು. ನಾನು ಅವಳ ಕೈಯಿಂದ ಅರ್ಜಿ ತೆಗೆದುಕೊಂಡೆ, ಮಂಜುಳಾ.

ಕಾಲೇಜು ಬಿಡುವ ಕಾರಣ ಎಂಬಲ್ಲಿ 'ಸ್ವಂತ ಕಾರಣ' ಎಂದು ಬರೆದಿದ್ದಳು. ಅದು ಸುಳ್ಳೆಂದು ಗೊತ್ತಿದ್ದೂ, ಕೆಳಗೆ ವಿಭಾಗದ ಮುಖ್ಯಸ್ಥೆ ಎಂದಿದ್ದ ಕಡೆ ನಾನೇ ಸಹಿ ಹಾಕಿದೆ.

ಶೈಲಾ