ಮೂರನೆಯ ಪ್ರಕಟನೆಯ ದಿನ ನಾನು ಎದ್ದದ್ದು

ಮೂಡುಬಿದಿರೆ,
೯ ನವೆಂಬರ್ ೧೯೬೧

ಪ್ರಿಯ ನೀಲಾವತಿ,

ಕರ್ತನ ಕೃಪೆ ನಿನ್ನ ಮೇಲೂ ಬೆನ್ಯಾಮಿನನ ಮೇಲೂ ತೊಟ್ಟಿಲಲ್ಲಿರುವ ಪುಟ್ಟಿಯ ಮೇಲೂ ಇರಲಿ.

ಬಂಟ್ವಾಳದಿಂದ ನೀನು ಬರೆದ ಕಾಗದ ಸೋಮವಾರ ಸಿಕ್ಕಿತು. ಮಗುವಿನ ದೀಕ್ಷಾಸ್ನಾನಕ್ಕೆ ನಾನೇ ಧರ್ಮತಾಯಿಯಾಗಿ ನಿಲ್ಲಬೇಕಂತೆ. "ಇಡೀ ಸಭೆಯ ಎದುರು ನನಗಾಗಿ ಎದ್ದು ನಿಂತವರು ನೀವೊಬ್ಬರೇ ಅತ್ತೆ" ಎಂದು ಬರೆದಿದ್ದೀ. ಅದಕ್ಕೇ ಈ ಕಾಗದ ಮಾರಾಯ್ತಿ. ಒಪ್ಪಿಕೊಳ್ಳುವ ಮೊದಲು ಒಂದು ವಿಷಯ ಹೇಳಲೇಬೇಕು. ಕೇಳಿದ ಮೇಲೆ ನಿನಗೆ ನಾನು ಬೇಡವಾಗಲೂಬಹುದು.

ಆ ಭಾನುವಾರ ನಾನು ಎದ್ದದ್ದು ನಿನಗಾಗಿ ಅಲ್ಲ, ನಿನ್ನ ಮದುವೆ ಮುರಿಯುವುದಕ್ಕೆ.

ಮೂರು ವರ್ಷದ ಹಿಂದೆ, ಅಣ್ಣನ ಮಗ ಬೆನ್ಯಾಮಿನನಿಗೆ ಬೆಳ್ತಂಗಡಿ ಕಡೆಯ ಹುಡುಗಿ ನಿಶ್ಚಯವಾಗಿದ್ದಾಳೆಂದು ಕೇಳಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಓದುತ್ತಾರಲ್ಲ, ಮೊದಲನೆಯ ಪ್ರಕಟನೆಯ ದಿನವೇ ನಿನ್ನ ಗುರುತು ಹತ್ತಿತು. ಮಂಗಳೂರಿನ ಕುಷ್ಠರೋಗದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ, ಹನ್ನೊಂದು ವರ್ಷದ ನಿನಗೆ ಮಾತ್ರೆ ನುಂಗಿಸಿದವಳು ನಾನೇ. ಪೂರ್ತಿ ವಾಸಿಯಾಗಿದೆ ಎಂಬ ಡಾಕ್ಟರರ ಚೀಟಿಯನ್ನು ನಿನ್ನ ತಂದೆಯ ಕೈಯಲ್ಲಿಟ್ಟವಳೂ ನಾನೇ. ಆದರೆ ನಮ್ಮ ಮನೆಗೇ ಸೊಸೆಯಾಗಿ ಬರುತ್ತಾಳೆ ಎಂದಾಗ ನಾನು ಕಲಿತ ವಿದ್ಯೆಯೆಲ್ಲ ಎಲ್ಲಿ ಹೋಯಿತೋ!

ಎರಡು ವಾರ ಒದ್ದಾಡಿದೆ. ಸತ್ಯ ಮುಚ್ಚಿಡುವುದು ಪಾಪ ಎಂದು ನನಗೆ ನಾನೇ ಉಪದೇಶ ಮಾಡಿಕೊಂಡೆ. ಬೆನ್ಯಾಮಿನನನ್ನು ಕರೆದು ಮೆಲ್ಲಗೆ ಕೇಳಬಹುದಿತ್ತು, ಕೇಳಲಿಲ್ಲ. ನಾಲ್ಕು ಜನರ ಎದುರು ಹೇಳಬೇಕೆಂಬ ಗರ್ವ ನನಗೆ.

ಮೂರನೆಯ ಭಾನುವಾರ ಪಾದ್ರಿ ಅಯ್ಯನವರು ಹೆಸರು ಓದಿ, "ಅಡ್ಡಿ ಏನಾದರೂ ಉಂಟೆಂದು ಬಲ್ಲವರು ಈಗಲೇ ಹೇಳಬೇಕು" ಎಂದರು. ಆ ಪ್ರಶ್ನೆಗೆ ನಮ್ಮ ಸಭೆಯಲ್ಲಿ ಯಾರೂ ಎದ್ದದ್ದಿಲ್ಲ. ನಾನು ಎದ್ದೇಬಿಟ್ಟೆ. ನೀನು ತಿರುಗಿ ನೋಡಿದೆ, ಮುಖ ಬಿಳಿಚಿಕೊಂಡಿತು. ನೀನು ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡೆ. ವಾರ್ಡಿಗೆ ಹೊರಗಿನವರು ಬಂದಾಗಲೆಲ್ಲ ನೀನು ಹಾಗೇ ಮಾಡುತ್ತಿದ್ದೆ, "ಕೈ ಹೊರಗಿಡು ಮಗಾ, ಅದಕ್ಕೆ ಏನಾಗಿದೆ?" ಎಂದು ನಾನು ಗದರಿಸುತ್ತಿದ್ದೆ. ಈಗ ಆ ಕೈಗಳನ್ನು ಪುನಃ ಒಳಗೆ ತಳ್ಳಿದವಳು ನಾನೇ ಆದೆ. ನನ್ನ ಸತ್ಯದಲ್ಲಿ ನಿನ್ನ ಮೇಲೆ ಒಂದು ಚೂರೂ ಪ್ರೀತಿ ಇರಲಿಲ್ಲ ನೀಲಾ. ಪ್ರೀತಿಯಿಲ್ಲದೆ ಅದು ದೇವರ ಕೆಲಸ ಹೇಗಾದೀತು ಎಂದು ನಿಂತಲ್ಲೇ ಹೊಳೆಯಿತು. ಬಾಯಿಂದ ಬಂದದ್ದು ಬೇರೆಯೇ ಮಾತು: "ಅಡ್ಡಿ ಏನೂ ಇಲ್ಲ ಅಯ್ಯನವರೇ. ಈ ಹುಡುಗಿಯನ್ನು ನಾನು ಬಲ್ಲೆ. ಒಳ್ಳೆಯವಳು."

ಸಂಜೆ ಬೆನ್ಯಾಮಿನ ಬಂದ. "ಅತ್ತೆ, ನೀವು ಎದ್ದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಆಸ್ಪತ್ರೆಯ ವಿಷಯ ಅವಳು ನನಗೆ ನಿಶ್ಚಯಕ್ಕೆ ಮೊದಲೇ ಹೇಳಿದ್ದಾಳೆ" ಎಂದ. ನಾಚಿಕೆಯಿಂದ ಕುಗ್ಗಿಹೋದೆ. ಹೇಳಬೇಕಾದದ್ದನ್ನು ಕೇಳಬೇಕಾದವನಿಗೆ ನೀನೇ ಹೇಳಿಯಾಗಿತ್ತು.

ಇನ್ನು ತೀರ್ಮಾನ ನಿನ್ನದು. ಬೇರೆ ಯಾರನ್ನಾದರೂ ನಿಲ್ಲಿಸಿದರೆ ನಾನು ಮುನಿಯುವುದಿಲ್ಲ. ಛೆ, ಸುಳ್ಳು! ಎರಡು ದಿನ ಮುನಿಯುತ್ತೇನೆ, ಮತ್ತೆ ಬಸ್ಸು ಹತ್ತಿ ಮಗುವನ್ನು ನೋಡಲು ಬಂದೇ ಬರುತ್ತೇನೆ. ನಾನೇ ಬೇಕೆಂದಾದರೆ ಒಂದು ಸಾಲು ಬರೆ. ಈ ಸಲ ನಾನು ಸಭೆಯ ಎದುರು ಏಳುವುದು ನಿನಗಾಗಿಯೇ.

ದೇವರು ನಿಮ್ಮ ಮನೆಯನ್ನು ಕಾಯಲಿ, ಪುಟ್ಟಿಗೆ ಆಯುಸ್ಸು ಕೊಡಲಿ.

ಕ್ಷಮೆ ಕೇಳುತ್ತಾ,
ನಿನ್ನ ಎಮಿಲಿ ಅತ್ತೆ