ಪ್ಯೋ ಹಿರಿಯರ ಪಾಂಪ್ಲೆಟ್

ಏಪ್ರಿಲ್ 4, ಗುರುವಾರ

ಥೂ! ಎಲ್ಲಾ ಪಾರ್ಟಿಗಳ ಪಾಂಪ್ಲೆಟ್ ಇರೋ ಎಲೆಕ್ಷನ್ ಲಕೋಟೆ ಮನೆಗೆ ಬಂತು. ಕ್ರೈಸ್ತರ ಪಾರ್ಟಿಯ ಅಭ್ಯರ್ಥಿಗಳ ಪಟ್ಟೀಲಿ ಎರಡನೇ ಹೆಸರೇ ಪ್ಯೋ. ನಮ್ಮ ಚರ್ಚಿನ ಹಿರಿಯ, ಅಮ್ಮ ದುಡೀತಿದ್ದ ಫ್ಯಾಕ್ಟರಿ ಮಾಲೀಕ. ಫೋಟೋದಲ್ಲಿ ಬೈಬಲ್ ತಬ್ಕೊಂಡು ನಗ್ತಾನೆ. ಕಾನೂನು ಪ್ರಕಾರ ಅಭ್ಯರ್ಥಿ ಕೆಳಗೆ ತನ್ನ ಹಳೇ ಅಪರಾಧ ಬರೀಲೇಬೇಕಲ್ಲ, ಅದನ್ನ ಜೋರಾಗಿ ಓದ್ದೆ: ಕಾರ್ಮಿಕರ ಸುರಕ್ಷತೆ ಕಾನೂನು ಮುರಿದಿದ್ದಕ್ಕೆ ದಂಡ.

"ಅಮ್ಮಾ, ಇದು ನಿನ್ನ ಕೇಸೇ ಕಣೆ!"

"ಬಾಯ್ಮುಚ್ಚೋ ಹ್ಯೊಕ್. ಅವರು ಚರ್ಚಲ್ಲಿ ಸಭೆ ಮುಂದೆ ಅತ್ತು, ತಪ್ಪೊಪ್ಕೊಂಡು ಸಾಕ್ಷಿ ಹೇಳಿದ್ರು. ದೇವರು ಕ್ಷಮಿಸಿಬಿಟ್ಟ."

"ಫ್ಯಾಕ್ಟರಿ ಮೆಷಿನ್ನಿಗೆ ಸಿಕ್ಕಿದ್ದು ದೇವರ ಬೆರಳಾ?"

ಅಮ್ಮ ಮೂರೇ ಬೆರಳಿರೋ ಕೈಲಿ ಪಾಂಪ್ಲೆಟ್ ಮಡಚಿ ಬೈಬಲ್ ಒಳಗಿಟ್ಲು. ನಾಳೆ ಬೆಳಗ್ಗೆನೇ ಓಟು ಹಾಕ್ತಾಳಂತೆ.

"ಕನ್ನಡಕ ಒಡೆದಿದೆ. ಓಟಿನ ಚೀಟೀಲಿ ಅವರ ಪಾರ್ಟಿದು ಎಷ್ಟನೇ ನಂಬರು, ನೋಡೋ" ಅಂದ್ಲು.

ಬೇರೆ ನಂಬರ್ ಹೇಳ್ಬೋದಿತ್ತು. ನಿಜಾನೇ ಹೇಳ್ದೆ. ಥೂ, ಈಗ ನನ್ನ ಮೇಲೇ ನಂಗೆ ಅಸಹ್ಯ.